ಹನ್ನೊಂದು, ಹನ್ನೆರಡರ ಕೆಮಿಸ್ಟ್ರಿ: ಬಾಯಲ್ಲಿ ಕನ್ನಡ, ಕೈಯಲ್ಲಿ ಪೆನ್ಸಿಲ್

ಪ್ರತಿ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಯಾರಾದರೂ ಬಂದೇ ಬರುತ್ತಾರೆ. ಬಾಗಿಲಲ್ಲಿ ಒಬ್ಬ ಅಮ್ಮ, ಅವರ ಹಿಂದೆ ಹನ್ನೊಂದನೇ ಕ್ಲಾಸಿಗೆ ಸೇರಿದ ಮಗ ಅಥವಾ ಮಗಳು. ಕೈಯಲ್ಲಿ ಮೊದಲ ಯೂನಿಟ್ ಟೆಸ್ಟಿನ ಪೇಪರ್, ನಾಲ್ಕು ಮಡಿಕೆ ಮಾಡಿದ್ದು. "ಟೀಚರ್, ಹತ್ತನೇಯಲ್ಲಿ ಸೈನ್ಸಿಗೆ ತೊಂಬತ್ತೆರಡು ಬಂದಿತ್ತು. ಈಗ ಕೆಮಿಸ್ಟ್ರಿ ತಲೆಗೇ ಹತ್ತುತ್ತಿಲ್ಲ ಅಂತಾನೆ. ಕಾಮರ್ಸಿಗೆ ಹಾಕಿಬಿಡೋಣವಾ?" ಅಮ್ಮನ ದನಿಯಲ್ಲಿ ಗಾಬರಿ. ಮಗು ನೆಲ ನೋಡುತ್ತಿರುತ್ತದೆ.

ನಾನು ಮೊದಲು ಚಹಾ ಕೊಡುತ್ತೇನೆ. ಆಮೇಲೆ ನನ್ನ ಪೇಪರಿನ ಕಥೆ ಹೇಳುತ್ತೇನೆ.

ನಾನು ಮುಂಬೈಯಲ್ಲೇ ಹುಟ್ಟಿ, ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಊರು ಕುಂದಾಪುರದ ಕಡೆ. ಅಪ್ಪಯ್ಯ ಘಾಟ್‌ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. 1988ರಲ್ಲಿ ಸೈನ್ಸ್ ತೆಗೆದುಕೊಂಡು ಜೂನಿಯರ್ ಕಾಲೇಜು ಸೇರಿದೆ. ಕೆಮಿಸ್ಟ್ರಿಯ ಮೊದಲ ಟೆಸ್ಟಿನಲ್ಲಿ 25ಕ್ಕೆ 4 ಬಂತು. ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ. ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಆಮ್ಲ, ಪ್ರತ್ಯಾಮ್ಲ, ಲವಣ, ಪರಮಾಣು ಎಲ್ಲ ನನಗೆ ಗೊತ್ತಿತ್ತು. ಆಸಿಡ್, ಬೇಸ್, ಸಾಲ್ಟ್, ಆಟಮ್ ಅಂದರೆ ಅವೇ ಅಂತ ಹೊಳೆಯುವಷ್ಟರಲ್ಲಿ ಸರ್ ಮೂರು ಪುಟ ಮುಂದೆ ಹೋಗಿರುತ್ತಿದ್ದರು.

ಈಗ ನಮ್ಮ ಮನೆಗೆ ಬರುವ ಮಕ್ಕಳು ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಅವರ ಕಷ್ಟ ನನ್ನದರ ತಿರುಗುಮುರುಗು. ಪದ ಬಾಯಿಗೆ ಸಲೀಸಾಗಿ ಬರುತ್ತದೆ, ಅದರ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. "ಈಕ್ವಿಲಿಬ್ರಿಯಂ ಅಂದ್ರೇನು, ನಿನ್ನ ಅಜ್ಜಿಗೆ ಹೇಳೋ ಹಾಗೆ ಹೇಳು" ಅಂದರೆ ಮಾತು ನಿಂತುಬಿಡುತ್ತದೆ. ಇಪ್ಪತ್ತೆರಡು ವರ್ಷ ಜೂನಿಯರ್ ಕಾಲೇಜಿನಲ್ಲಿ ಕಲಿಸಿದ ಮೇಲೆ ನನಗೆ ಒಂದು ಮಾತು ಖಾತ್ರಿಯಾಗಿದೆ. ಮನೆಮಾತಲ್ಲಿ ಹೇಳಲು ಬರದಿದ್ದರೆ ಆ ಪಾಠ ಅರ್ಥವಾಗಿಲ್ಲ. ಕೈಯಲ್ಲಿ ಬರೆಯಲು ಬರದಿದ್ದರೆ ಅದು ನೆನಪಿನಲ್ಲಿ ನಿಲ್ಲುವುದಿಲ್ಲ. ಈ ಎರಡನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಪದಗಳ ಪುಸ್ತಕ

ಇನ್ನೂರು ಪುಟದ ಒಂದು ಲಾಂಗ್‌ಬುಕ್ ತನ್ನಿ. ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಮೊದಲ ಭಾಗದಲ್ಲಿ ಪಠ್ಯದ ಪದ, ಎರಡನೆಯದರಲ್ಲಿ ಆ ಪದ ಎಲ್ಲಿಂದ ಬಂತು, ಮೂರನೆಯದರಲ್ಲಿ ನಿಮ್ಮದೇ ಮಾತಿನಲ್ಲಿ ಅರ್ಥ. ಕನ್ನಡ ಲಿಪಿ ಬರದ ಮಕ್ಕಳು ಮೂರನೆಯ ಭಾಗವನ್ನು ಯಾವ ಲಿಪಿಯಲ್ಲಾದರೂ ಬರೆಯಲಿ. ಮಾತು ಮಾತ್ರ ಮನೆಯದ್ದೇ ಆಗಿರಲಿ, ತುಳುವೋ ಕೊಂಕಣಿಯೋ ಆದರೂ ಸರಿ.

ಒಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ತುಂಬಾ ಇಷ್ಟ. ನಾವು ಶಾಲೆಯಲ್ಲಿ ಆಕ್ಸಿಜನ್‌ಗೆ ಆಮ್ಲಜನಕ ಅನ್ನುತ್ತಿದ್ದೆವು. ಆಮ್ಲವನ್ನು ಹುಟ್ಟಿಸುವಂಥದ್ದು. ಆಕ್ಸಿಜನ್ ಅನ್ನುವ ಗ್ರೀಕ್ ಮೂಲದ ಹೆಸರಿಗೂ ಅದೇ ಅರ್ಥ. ಹೆಸರಿಟ್ಟವರು ಫ್ರಾನ್ಸಿನ ಲವಾಸಿಯೆ. ಎಲ್ಲ ಆಸಿಡ್‌ನಲ್ಲೂ ಆಕ್ಸಿಜನ್ ಇರಲೇಬೇಕು ಅಂತ ಅವರು ನಂಬಿದ್ದರು. ಆ ನಂಬಿಕೆ ತಪ್ಪಾಗಿತ್ತು. ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಇರುವುದು ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ. ಹೆಸರು ಮಾತ್ರ ಹಾಗೇ ಉಳಿಯಿತು. ಈ ಒಂದು ಕಥೆ ಗೊತ್ತಿದ್ದ ಮಗು "ಆಸಿಡ್ ಆಗಲು ಏನು ಬೇಕು" ಅನ್ನುವ ಪ್ರಶ್ನೆಯಲ್ಲಿ ಆಕ್ಸಿಜನ್ ಅಂತ ಬರೆಯುವುದಿಲ್ಲ.

ಇನ್ನು ದಾರಿ ತಪ್ಪಿಸುವ ಪದಗಳಿವೆ. ಅವುಗಳ ಹತ್ತಿರ ಜಾಸ್ತಿ ಹೊತ್ತು ಕೂರಬೇಕು. ಸ್ಪಾಂಟೇನಿಯಸ್ ಅಂದರೆ ಬೇಗ ಆಗುವುದು ಅಂತ ಹತ್ತರಲ್ಲಿ ಎಂಟು ಮಕ್ಕಳು ತಿಳಿದಿರುತ್ತಾರೆ. ಅಲ್ಲ. ಹೊರಗಿನಿಂದ ದೂಡುತ್ತಾ ಇರಬೇಕಾಗಿಲ್ಲ, ತಾನಾಗಿ ಆಗುತ್ತದೆ, ಅಷ್ಟೇ. ನಮ್ಮ ಬಾಲ್ಕನಿಯ ಕಬ್ಬಿಣದ ಗ್ರಿಲ್ ತುಕ್ಕು ಹಿಡಿಯುವುದೂ ಸ್ಪಾಂಟೇನಿಯಸ್ಸೇ. ಅದಕ್ಕೆ ಒಂದು ಮಳೆಗಾಲ ಬೇಕು. ಆಗುತ್ತದೋ ಇಲ್ಲವೋ ಅನ್ನುವುದು ಥರ್ಮೋಡೈನಮಿಕ್ಸ್. ಎಷ್ಟು ಬೇಗ ಆಗುತ್ತದೆ ಅನ್ನುವುದು ಕೈನೆಟಿಕ್ಸ್. ಎರಡೂ ಬೇರೆ ಬೇರೆ ಪಾಠ, ಬೇರೆ ಬೇರೆ ಪ್ರಶ್ನೆ.

ಸ್ಟ್ರಾಂಗ್ ಮತ್ತು ಕಾನ್ಸನ್‌ಟ್ರೇಟೆಡ್ ಇನ್ನೊಂದು ಜೋಡಿ. ಡಿಕಾಕ್ಷನ್ ಗಟ್ಟಿ ಇದೆ, ತೆಳು ಇದೆ ಅನ್ನುತ್ತೇವಲ್ಲ, ಅದು ಕಾನ್ಸನ್‌ಟ್ರೇಷನ್. ಒಂದು ಆಸಿಡ್ ನೀರಿಗೆ ಬಿದ್ದಾಗ ಪೂರ್ತಿ ಬಿಡಿಸಿಕೊಂಡು ಅಯಾನ್ ಆಗುತ್ತದೋ, ಸ್ವಲ್ಪ ಮಾತ್ರವೋ ಅನ್ನುವುದು ಅದರ ಬಲ. ನೀರೇ ಇಲ್ಲದ ಅಸಿಟಿಕ್ ಆಸಿಡ್ ಗಟ್ಟಿ ಹೌದು, ಆದರೂ ಅದು ವೀಕ್ ಆಸಿಡ್. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಎಷ್ಟೇ ನೀರು ಬೆರೆಸಿದರೂ ಅದು ಸ್ಟ್ರಾಂಗ್ ಆಸಿಡ್ಡೇ. ರಿಡಕ್ಷನ್ ಅನ್ನುವ ಪದವೂ ಹಾಗೆ. ಎಲೆಕ್ಟ್ರಾನ್ ಸಿಗುತ್ತದೆ, ಹೆಸರು ಮಾತ್ರ ಕಡಿಮೆಯಾಗುವುದು ಅಂತ. ಹಿಂದೆ ಅದಿರನ್ನು ಕಾಯಿಸಿ ಲೋಹ ತೆಗೆದಾಗ ತೂಕ ಕಡಿಮೆಯಾಗುತ್ತಿತ್ತು, ಹೆಸರು ಅಲ್ಲಿಂದ ಬಂದದ್ದು. ಇದನ್ನು ತಿಳಿದರೆ ಮತ್ತೆ ಗೊಂದಲವಾಗುವುದಿಲ್ಲ.

ದಿನಕ್ಕೆ ಐದು ಪದ ಸಾಕು. ಸಂಜೆ ಅಮ್ಮ ಅಲಸಂಡೆ ಹೆಚ್ಚುವಾಗ ಪಕ್ಕದಲ್ಲಿ ಕೂತು ಆ ಐದನ್ನು ಹೇಳಿ. ಅಮ್ಮಂದಿರಿಗೆ ನನ್ನ ಒಂದು ವಿನಂತಿ. ನಿಮಗೆ ಕೆಮಿಸ್ಟ್ರಿ ಬರಬೇಕಾಗಿಲ್ಲ. ಮಗು ಹೇಳಿದ್ದು ನಿಮಗೆ ಅರ್ಥವಾಗದಿದ್ದರೆ "ಹಾಗಂದ್ರೆ?" ಅಂತ ಕೇಳಿ. ಆ ಒಂದು ಪ್ರಶ್ನೆ ಸಾವಿರಗಟ್ಟಲೆ ಫೀಸಿನ ಕ್ಲಾಸಿಗಿಂತ ಹೆಚ್ಚು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ.

ಮೋಲ್ ಬಾರದೆ ಮುಂದೆ ಹೋಗಬೇಡಿ

ನಮ್ಮ ಮಹಾರಾಷ್ಟ್ರದ ಹನ್ನೊಂದನೇ ಪುಸ್ತಕದ ಮೊದಲ ಪಾಠದಲ್ಲೇ ಮೋಲ್ ಇದೆ. ಹನ್ನೆರಡರ ಸೊಲ್ಯೂಷನ್ಸ್, ಅಯಾನಿಕ್ ಈಕ್ವಿಲಿಬ್ರಿಯಾ, ಎಲೆಕ್ಟ್ರೋಕೆಮಿಸ್ಟ್ರಿ, ಲ್ಯಾಬಿನ ಟೈಟ್ರೇಷನ್, ಎಲ್ಲದಕ್ಕೂ ಅಡಿಗಲ್ಲು ಅದೇ. ಮಕ್ಕಳು ಎಲೆಕ್ಟ್ರೋಕೆಮಿಸ್ಟ್ರಿ ಕಷ್ಟ ಅಂತ ಬರುತ್ತಾರೆ. ಎರಡು ಲೆಕ್ಕ ಮಾಡಿಸಿದರೆ ಗೊತ್ತಾಗುತ್ತದೆ, ಎಡವುತ್ತಿರುವುದು ಮೋಲಿನಲ್ಲೇ.

ಮೋಲ್ ಅಂದರೆ ಎಣಿಕೆಯ ಕಟ್ಟು. ಡಜನ್ ಅಂದರೆ ಹನ್ನೆರಡು ಇದ್ದ ಹಾಗೆ, ಮೋಲ್ ಅಂದರೆ 6.022 ಗುಣಿಸು ಹತ್ತರ ಘಾತ 23. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ಮೋಲಿನ ವ್ಯಾಖ್ಯೆಯಾಗಿ ಜಗತ್ತು ಒಪ್ಪಿದೆ. ಹಾಗಾಗಿ ಹಳೇ ಗೈಡುಗಳಲ್ಲಿ ಇರುವ "12 ಗ್ರಾಂ ಕಾರ್ಬನ್‌ನಲ್ಲಿ ಇರುವಷ್ಟು" ಅನ್ನುವ ವ್ಯಾಖ್ಯೆ ಈಗ ಹಳತಾಯಿತು. ಅಣ್ಣನ ಕಾಲದ ನೋಟ್ಸ್ ಓದುವವರು ಇದನ್ನು ಗಮನಿಸಿ.

ನನಗೆ ಲಿಮಿಟಿಂಗ್ ರೀಏಜೆಂಟ್, ಅಂದರೆ ಮೊದಲು ಮುಗಿದು ರಿಯಾಕ್ಷನ್ ನಿಲ್ಲಿಸುವ ವಸ್ತು, ಅರ್ಥವಾಗಿದ್ದು ಕಾಲೇಜಿನಲ್ಲಲ್ಲ, ಅಪ್ಪಯ್ಯನ ಹೋಟೆಲಿನಲ್ಲಿ. ಶನಿವಾರ ನಾನು ಅಲ್ಲಿಗೆ ಹೋಗಿ ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಓದುತ್ತಿದ್ದೆ. ಅಲ್ಲಿ ಇಡ್ಲಿ ವಡೆ ಪ್ಲೇಟ್ ಅಂದರೆ ಎರಡು ಇಡ್ಲಿ, ಒಂದು ವಡೆ. ಒಂದು ದಿನ ಒಳಗಿನಿಂದ ಭಟ್ಟರು ಕೂಗಿದರು, "ಇಡ್ಲಿ ನೂರೈವತ್ತು ಉಂಟು, ವಡೆ ಅರವತ್ತೇ." ಅಪ್ಪಯ್ಯ ತಲೆ ಎತ್ತದೆ ಹೇಳಿದರು, "ಹಾಗಾರೆ ಅರವತ್ತು ಪ್ಲೇಟ್, ಮೂವತ್ತು ಇಡ್ಲಿ ಉಳೀತು." ನನ್ನ ಮುಂದೆ ಅದೇ ಲೆಕ್ಕ ತೆರೆದಿತ್ತು. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್, ಎಷ್ಟು ನೀರು ಬರುತ್ತದೆ ಅಂತ. ಇಡ್ಲಿಯೇ ಹೈಡ್ರೋಜನ್, ವಡೆಯೇ ಆಕ್ಸಿಜನ್!

ಮಾಡಿ ನೋಡಿ. ಗ್ರಾಂ ಇದ್ದದ್ದನ್ನು ಮೊದಲು ಮೋಲ್ ಮಾಡಿ. ಹೈಡ್ರೋಜನ್ 10 ಭಾಗಿಸು 2, ಐದು ಮೋಲ್. ಆಕ್ಸಿಜನ್ 64 ಭಾಗಿಸು 32, ಎರಡು ಮೋಲ್. ಒಂದು ಆಕ್ಸಿಜನ್‌ಗೆ ಎರಡು ಹೈಡ್ರೋಜನ್ ಬೇಕು. ಎರಡಕ್ಕೆ ನಾಲ್ಕು ಖರ್ಚಾಯಿತು, ಒಂದು ಮೋಲ್ ಹೈಡ್ರೋಜನ್ ಉಳಿಯಿತು. ನೀರು ನಾಲ್ಕು ಮೋಲ್, ಅಂದರೆ 72 ಗ್ರಾಂ. ಉಳಿದ ಹೈಡ್ರೋಜನ್ 2 ಗ್ರಾಂ ಸೇರಿಸಿದರೆ 74. ಶುರುವಿನಲ್ಲಿ ಇದ್ದದ್ದೂ 74. ಉತ್ತರ ಸರಿ ಅಂತ ಹೇಳಲು ಯಾರೂ ಬೇಕಾಗಿಲ್ಲ, ಅಲ್ವಾ?

ಗ್ರಾಂನಿಂದ ಮೋಲ್, ಮೋಲಿನಿಂದ ಮೋಲ್, ಮತ್ತೆ ಮೋಲಿನಿಂದ ಗ್ರಾಂ. ಈ ಮೂರು ಹೆಜ್ಜೆಯಲ್ಲಿ ಐವತ್ತು ಲೆಕ್ಕ ಮಾಡಿ. ದಿನಕ್ಕೆ ಐದರಂತೆ ಹತ್ತು ದಿನ. ಉತ್ತರ ನೋಡಿ "ಹಾಂ, ಗೊತ್ತಾಯ್ತು" ಅಂದರೆ ಅದು ಲೆಕ್ಕ ಮಾಡಿದ ಹಾಗಲ್ಲ. ವಿಡಿಯೋದಲ್ಲಿ ಬೇರೆಯವರು ಮಾಡುವುದನ್ನು ನೋಡಿದರೂ ಅಷ್ಟೇ. ಇನ್ನೊಬ್ಬರು ಈಜುವುದನ್ನು ನೋಡಿದ ಹಾಗೆ.

ಲಾಗ್ ಟೇಬಲ್ ಅಂದರೆ ಹೆದರಿಕೆ ಬೇಡ

ನಮ್ಮ ಎಚ್‌ಎಸ್‌ಸಿ ಬೋರ್ಡಿನ ಹನ್ನೆರಡನೇ ಕ್ಲಾಸಿನ ಕೆಮಿಸ್ಟ್ರಿ ಪೇಪರಿನಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ ಇದೆ. ಮಕ್ಕಳು ಮನೆಯಲ್ಲಿ ಮೊಬೈಲಿನಲ್ಲಿ ಗುಣಿಸಿ ಅಭ್ಯಾಸ ಮಾಡಿ, ಪ್ರಿಲಿಮ್ಸಿನಲ್ಲಿ ಮೊದಲ ಸಲ ಲಾಗ್ ಟೇಬಲ್ ಬಿಡಿಸುತ್ತಾರೆ. ಅಲ್ಲಿ ಮಾರ್ಕು ಹೋಗುತ್ತದೆ. ವಿಷಯ ಗೊತ್ತಿದ್ದೂ ಮಾರ್ಕು ಹೋದರೆ ಮಗುವಿನ ಮನಸ್ಸು ಒಡೆಯುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹನ್ನೊಂದನೇ ಕ್ಲಾಸಿನ ಮೊದಲ ತಿಂಗಳಿಂದಲೇ ಮೊಬೈಲಿನ ಕ್ಯಾಲ್ಕುಲೇಟರ್ ಬಿಟ್ಟುಬಿಡಿ. ನಾಲ್ಕು ಲಾಗ್ ಬಾಯಿಪಾಠ ಮಾಡಿ: ಎರಡರದ್ದು 0.3010, ಮೂರರದ್ದು 0.4771, ಐದರದ್ದು 0.6990, ಏಳರದ್ದು 0.8451. ಇವುಗಳಿಂದ ನಾಲ್ಕು, ಆರು, ಎಂಟು, ಒಂಬತ್ತು ಎಲ್ಲ ಕೂಡಿಸಿ ತೆಗೆಯಬಹುದು. ಪಿಎಚ್, ಅಂದರೆ ದ್ರಾವಣ ಎಷ್ಟು ಆಸಿಡ್ ಅನ್ನುವ ಅಳತೆ, ಅದರ ಲೆಕ್ಕದಲ್ಲಿ ಎಷ್ಟೋ ಸಲ ಟೇಬಲ್ ಬಿಡಿಸುವ ಅಗತ್ಯವೇ ಬೀಳುವುದಿಲ್ಲ. 0.002 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಕೊಟ್ಟರೆ ಅದು 2 ಗುಣಿಸು ಹತ್ತರ ಘಾತ ಮೈನಸ್ 3. ಪಿಎಚ್ ಅಂದರೆ 3ರಿಂದ 0.3010 ಕಳೆ, 2.699.

ಎಲ್ಲರೂ ಬೀಳುವ ಗುಂಡಿ ತಿರುಗಿ ಬರುವಾಗ ಇದೆ. ಪಿಎಚ್ 4.74 ಕೊಟ್ಟು ಹೈಡ್ರೋಜನ್ ಅಯಾನ್ ಎಷ್ಟು ಅಂತ ಕೇಳಿದರೆ, ಮೈನಸ್ 4.74ಕ್ಕೆ ಆಂಟಿಲಾಗ್, ಅಂದರೆ ಲಾಗ್‌ನಿಂದ ಸಂಖ್ಯೆಗೆ ವಾಪಸ್ ಬರುವುದು, ಬೇಕು. ಮಕ್ಕಳು ಸೀದಾ 0.74ರ ಆಂಟಿಲಾಗ್ ನೋಡುತ್ತಾರೆ. 5.495 ಸಿಗುತ್ತದೆ. ಘಾತ ಮೈನಸ್ 4 ಅಂತ ಬರೆಯುತ್ತಾರೆ. ಟೇಬಲಿನಲ್ಲಿ ಮೈನಸ್ ದಶಮಾಂಶ ಇಲ್ಲವೇ ಇಲ್ಲ! ದಶಮಾಂಶ ಭಾಗವನ್ನು ಮೊದಲು ಪ್ಲಸ್ ಮಾಡಿಕೊಳ್ಳಬೇಕು. ಮೈನಸ್ 4.74 ಅಂದರೆ ಮೈನಸ್ 5 ಮತ್ತು ಪ್ಲಸ್ 0.26. ಈಗ 0.26ರ ಆಂಟಿಲಾಗ್ ನೋಡಿ, 1.820. ಉತ್ತರ 1.82 ಗುಣಿಸು ಹತ್ತರ ಘಾತ ಮೈನಸ್ 5. ಮೊದಲಿನ ತಪ್ಪು ಉತ್ತರ ಇದಕ್ಕಿಂತ ಮೂವತ್ತು ಪಟ್ಟು ದೊಡ್ಡದು. ಈ ಒಂದು ಹೆಜ್ಜೆಯನ್ನು ನಾನು ಮಕ್ಕಳಿಗೆ ಅಂಗಡಿಯ ಚಿಲ್ಲರೆಯ ಹಾಗೆ ಹೇಳಿಕೊಡುತ್ತೇನೆ. ನಾಲ್ಕು ರೂಪಾಯಿ ಎಪ್ಪತ್ತನಾಲ್ಕು ಪೈಸೆ ಸಾಲ ಇದೆ, ಐದು ರೂಪಾಯಿ ಕೊಟ್ಟೆ, ಇಪ್ಪತ್ತಾರು ಪೈಸೆ ವಾಪಸ್ ಬಂತು.

ಲೆಕ್ಕದ ಮಾತು ಬಂದಾಗ ಯೂನಿಟ್ ಬಗ್ಗೆಯೂ ಹೇಳಲೇಬೇಕು. ಥರ್ಮೋಡೈನಮಿಕ್ಸಿನಲ್ಲಿ ಎಂಥಾಲ್ಪಿ ಕಿಲೋಜೂಲ್‌ನಲ್ಲಿ ಬರುತ್ತದೆ, ಎಂಟ್ರೊಪಿ ಜೂಲ್‌ನಲ್ಲಿ. ರಿಯಾಕ್ಷನ್ ತಾನಾಗಿ ಆಗುತ್ತದೋ ಅಂತ ನೋಡಲು ಎಂಥಾಲ್ಪಿಯ (ಶಾಖದ) ಬದಲಾವಣೆಯಿಂದ ಎಂಟ್ರೊಪಿಯ (ಚೆಲ್ಲಾಪಿಲ್ಲಿಯಾಗುವುದರ) ಬದಲಾವಣೆ ಗುಣಿಸು ಟೆಂಪರೇಚರ್ ಕಳೆಯಬೇಕು, ಮೈನಸ್ ಬಂದರೆ ಆಗುತ್ತದೆ. ಅಮೋನಿಯಾ ಆಗುವ ರಿಯಾಕ್ಷನ್ ತೆಗೆದುಕೊಳ್ಳಿ. ಎಂಥಾಲ್ಪಿಯ ಬದಲಾವಣೆ ಸುಮಾರು ಮೈನಸ್ 92 ಕಿಲೋಜೂಲ್, ಎಂಟ್ರೊಪಿಯದ್ದು ಕೆಲ್ವಿನ್‌ಗೆ ಸುಮಾರು ಮೈನಸ್ 198 ಜೂಲ್. 298 ಕೆಲ್ವಿನ್‌ನಲ್ಲಿ 198ನ್ನು 298ರಿಂದ ಗುಣಿಸಿದರೆ 59,004 ಜೂಲ್, ಅಂದರೆ 59 ಕಿಲೋಜೂಲ್. ಮೈನಸ್ 92ಕ್ಕೆ 59 ಕೂಡಿಸಿದರೆ ಮೈನಸ್ 33. ರಿಯಾಕ್ಷನ್ ತಾನಾಗಿ ಆಗುತ್ತದೆ. ಜೂಲನ್ನು ಬದಲಾಯಿಸಲು ಮರೆತರೆ ಉತ್ತರ ಪ್ಲಸ್ 58,912 ಬರುತ್ತದೆ, ರಿಯಾಕ್ಷನ್ ಆಗುವುದೇ ಇಲ್ಲ ಅಂತ ಬರೆಯುತ್ತೀರಿ. ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕ ಯೂನಿಟ್ ಬರೆಯುವ ಅಭ್ಯಾಸ ಇಟ್ಟರೆ ಇಂಥ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಉಳಿದ ಫಿಸಿಕಲ್ ಕೆಮಿಸ್ಟ್ರಿಗೆ ಸುತ್ತಮುತ್ತ ನೋಡಿ. ಜುಲೈಯಲ್ಲಿ ಮನೆಯೊಳಗೆ ಹಗ್ಗಕ್ಕೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಬಟ್ಟೆಯಿಂದ ನೀರು ಗಾಳಿಗೆ ಹೋಗುತ್ತಲೇ ಇದೆ, ಗಾಳಿಯಿಂದ ಬಟ್ಟೆಗೆ ವಾಪಸ್ ಬರುತ್ತಲೂ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಹೊರಗಿನಿಂದ ಏನೂ ಆಗುತ್ತಿಲ್ಲ ಅಂತ ಕಾಣುತ್ತದೆ. ಈಕ್ವಿಲಿಬ್ರಿಯಂ ಅಂದರೆ ನಿಂತುಹೋಗಿದೆ ಅಂತಲ್ಲ, ಎರಡು ಕಡೆಯ ಓಟ ಸಮ ಆಗಿದೆ ಅಂತ. ಫ್ಯಾನ್ ಹಾಕಿ, ಹಸಿ ಗಾಳಿ ಆಚೆ ಹೋಗುತ್ತದೆ, ಬಟ್ಟೆ ಒಣಗುತ್ತದೆ. ಈಕ್ವಿಲಿಬ್ರಿಯಂ ಕೆಡಿಸಿದರೆ ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಅದು ಸರಿಯುತ್ತದೆ, ಫ್ರಾನ್ಸಿನ ವಿಜ್ಞಾನಿ ಲೆ ಶಾಟೆಲಿಯೇ ಹೇಳಿದ್ದೂ ಇಂಥದ್ದನ್ನೇ. ಮೇ ತಿಂಗಳಲ್ಲಿ ಇಡ್ಲಿ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಪಾತ್ರೆ ಮೀರಿ ಉಕ್ಕುತ್ತದೆ, ಜನವರಿಯಲ್ಲಿ ಹೊತ್ತು ಹಿಡಿಯುತ್ತದೆ. ಬಿಸಿ ಹೆಚ್ಚಿದರೆ ವೇಗ ಹೆಚ್ಚು. ಮಾವಿನ ಮಿಡಿಗೆ ಉಪ್ಪು ಹಾಕಿದರೆ ನೀರು ಬಿಟ್ಟುಕೊಂಡು ಮಿಡಿ ಮುರುಟುವುದು ಆಸ್ಮೋಸಿಸ್. ಇಂಥದ್ದೊಂದು ಚಿತ್ರ ಪ್ರತಿ ಪಾಠಕ್ಕೂ ನೀವೇ ಹುಡುಕಿಕೊಳ್ಳಿ. ನಾನು ಕೊಟ್ಟದ್ದಕ್ಕಿಂತ ನೀವು ಹುಡುಕಿದ್ದು ಜಾಸ್ತಿ ದಿನ ನೆನಪಿರುತ್ತದೆ.

ಆರ್ಗಾನಿಕ್‌ಗೆ ಗೋಡೆ ಬೇಕು

ಹನ್ನೆರಡರ ಹದಿನಾರು ಪಾಠಗಳಲ್ಲಿ ಹಾಲೋಜನ್ ಡಿರೈವೇಟಿವ್ಸ್‌ನಿಂದ ಅಮೀನ್ಸ್‌ವರೆಗಿನ ನಾಲ್ಕು ಒಂದಕ್ಕೊಂದು ಹೆಣೆದುಕೊಂಡಿವೆ. ಇವನ್ನು ಬಿಡಿಬಿಡಿಯಾಗಿ ಓದಿದರೆ ನೂರಾರು ರಿಯಾಕ್ಷನ್. ಒಟ್ಟಿಗೆ ನೋಡಿದರೆ ನಮ್ಮ ಲೋಕಲ್ ಟ್ರೇನಿನ ನಕ್ಷೆ.

ಹಳೇ ಕ್ಯಾಲೆಂಡರಿನ ಹಿಂಬದಿ ಖಾಲಿ ಇರುತ್ತದಲ್ಲ, ಅಂಥ ಆರು ಹಾಳೆ ಅಂಟಿಸಿ ಗೋಡೆಗೆ ಹಚ್ಚಿ. ನಡುವೆ ಆಲ್ಕೋಹಾಲ್ ಬರೆಯಿರಿ. ಅದು ನಮ್ಮ ದಾದರ್, ಎಲ್ಲ ಕಡೆಗೂ ಅಲ್ಲಿಂದ ಗಾಡಿ ಇದೆ. ಆಕ್ಸಿಡೈಸ್ ಮಾಡಿದರೆ ಆಲ್ಡಿಹೈಡ್, ಇನ್ನೂ ಮಾಡಿದರೆ ಕಾರ್ಬಾಕ್ಸಿಲಿಕ್ ಆಸಿಡ್. ಬಿಸಿ ಮಾಡಿ ನೀರು ತೆಗೆದರೆ ಆಲ್ಕೀನ್. ಹಾಲೋಜನ್ ಹಚ್ಚಿದರೆ ಆಲ್ಕೈಲ್ ಹಾಲೈಡ್, ಅದಕ್ಕೆ ಅಮೋನಿಯಾ ಸಿಕ್ಕರೆ ಅಮೀನ್. ಪ್ರತಿ ಬಾಣದ ಮೇಲೆ ರೀಏಜೆಂಟ್ ಮತ್ತು ಕಂಡಿಷನ್ ಬೇರೆ ಬಣ್ಣದಲ್ಲಿ ಬರೆಯಿರಿ. ಕಾರ್ಬನ್ ಸಂಖ್ಯೆ ಹೆಚ್ಚಾಗುವ ಬಾಣಕ್ಕೆ ಹಸಿರು, ಕಡಿಮೆಯಾಗುವುದಕ್ಕೆ ಕೆಂಪು. ಹಾಫ್‌ಮನ್ ಬ್ರೋಮಮೈಡ್ ರಿಯಾಕ್ಷನ್ ಕೆಂಪು, ಒಂದು ಕಾರ್ಬನ್ ಕಡಿಮೆ. ಆಲ್ಕೈಲ್ ಹಾಲೈಡ್‌ಗೆ ಸಯನೈಡ್ ಸೇರುವುದು ಹಸಿರು, ಒಂದು ಜಾಸ್ತಿ. "ಇದರಿಂದ ಅದನ್ನು ಹೇಗೆ ಮಾಡುತ್ತೀರಿ" ಅನ್ನುವ ಪ್ರಶ್ನೆ ಬಂದಾಗ ಮೊದಲು ಕಾರ್ಬನ್ ಎಣಿಸಿ. ಯಾವ ಬಣ್ಣದ ಗಾಡಿ ಹತ್ತಬೇಕು ಅಂತ ಅಲ್ಲೇ ತಿಳಿಯುತ್ತದೆ.

ಹೆಸರಿರುವ ರಿಯಾಕ್ಷನ್‌ಗಳಲ್ಲಿ ಆಲ್ಡಾಲ್ ಮತ್ತು ಕ್ಯಾನಿಜಾರೊ ಎರಡರ ನಡುವೆ ಮಕ್ಕಳು ಒದ್ದಾಡುತ್ತಾರೆ. ಪ್ರಶ್ನೆ ಒಂದೇ, ಆಲ್ಫಾ ಹೈಡ್ರೋಜನ್, ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿನ ಮೇಲೆ ಹೈಡ್ರೋಜನ್, ಇದೆಯಾ? ಇದ್ದರೆ ತೆಳು ಆಲ್ಕಲಿ ಸಾಕು, ಆಲ್ಡಾಲ್. ಇಲ್ಲದ ಆಲ್ಡಿಹೈಡ್‌ಗೆ ಗಟ್ಟಿ ಆಲ್ಕಲಿ ಬೇಕು, ಕ್ಯಾನಿಜಾರೊ. ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡ್ ಎರಡನೇ ಗುಂಪು. ಚಿತ್ರ ಬಿಡಿಸಿ ಆಲ್ಫಾ ಕಾರ್ಬನ್‌ಗೆ ಸುತ್ತು ಹಾಕುವ ಅಭ್ಯಾಸವಿದ್ದರೆ ಬಾಯಿಪಾಠದ ಕೆಲಸವೇ ಇಲ್ಲ.

ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಗೋಡೆಗೆ ಬೆನ್ನು ಹಾಕಿ ಕೂತು ಆ ನಕ್ಷೆಯನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಆಮೇಲೆ ತಿರುಗಿ ನೋಡಿ ಬಿಟ್ಟುಹೋದ ಬಾಣಗಳನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಮುಂದಿನ ವಾರ ಕೆಂಪು ಕಡಿಮೆಯಾಗಿರುತ್ತದೆ. ಇದನ್ನು ನಾನು ಎಷ್ಟು ಮಕ್ಕಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲ ಖುಷಿಯಾಗುತ್ತದೆ.

ಇನಾರ್ಗಾನಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಸ್ವಲ್ಪ ಬಾಯಿಪಾಠ ಇದ್ದೇ ಇದೆ, ಮಾಡಲೇಬೇಕು. ಗುಂಪಿನಲ್ಲಿ ಮೇಲಿಂದ ಕೆಳಕ್ಕೆ ಏನಾಗುತ್ತದೆ ಅನ್ನುವುದನ್ನು ಮೊದಲು, ಅದಕ್ಕೆ ಒಪ್ಪದ ಅಂಶಗಳನ್ನು ಆಮೇಲೆ. ಪ್ರಶ್ನೆ ಬರುವುದು ಒಪ್ಪದವುಗಳ ಮೇಲೆಯೇ ಜಾಸ್ತಿ. ಕ್ರೋಮಿಯಂ, ಕಾಪರ್‌ಗಳ ಎಲೆಕ್ಟ್ರಾನ್ ಜೋಡಣೆ ಯಾಕೆ ಬೇರೆ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನಲ್ಲಿ ಡಿ ಎಲೆಕ್ಟ್ರಾನ್ ಇಲ್ಲದಿದ್ದರೂ ಯಾಕೆ ಅಷ್ಟು ಗಾಢ ಬಣ್ಣ, ಇಂಥವು. ಇವನ್ನು ಅಂಗೈ ಅಗಲದ ರಟ್ಟಿನ ಚೀಟಿಗಳಲ್ಲಿ ಬರೆದು ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿನ ಮುಂದಿನ ಜೇಬಿನಲ್ಲಿಡಿ. ಡೊಂಬಿವಲಿಯಿಂದ ಲೋಕಲ್ ಟ್ರೇನಿನಲ್ಲಿ ಮುಂಬೈಯ ಕೊನೇ ಸ್ಟೇಷನ್ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲೆ. ಗರ್ದಿಯಲ್ಲಿ ಪುಸ್ತಕ ಬಿಡಿಸಲು ಆಗುವುದಿಲ್ಲ, ಒಂದು ಚೀಟಿ ಹಿಡಿಯಬಹುದು. ಬಾಗಿಲ ಹತ್ತಿರ ಮಾತ್ರ ನಿಲ್ಲಬೇಡಿ, ಒಳಗೆ ಹೋಗಿ ಓದಿ.

ಲ್ಯಾಬ್‌ನ 30 ಮಾರ್ಕು

ಬರೆಯುವ ಪೇಪರ್ 70 ಮಾರ್ಕು, ಪ್ರಾಕ್ಟಿಕಲ್ 30. ಆ ಮೂವತ್ತು ಹೇಗೂ ಸಿಗುತ್ತದೆ ಅಂತ ಮಕ್ಕಳು ಲ್ಯಾಬಿಗೆ ಚಕ್ಕರ್ ಹೊಡೆದು ಟ್ಯೂಷನ್ ಕ್ಲಾಸಿಗೆ ಹೋಗುತ್ತಾರೆ. ಜರ್ನಲನ್ನು ಸಬ್ಮಿಷನ್ನಿನ ಹಿಂದಿನ ರಾತ್ರಿ ಗೆಳತಿಯದ್ದು ನೋಡಿ ಬರೆಯುತ್ತಾರೆ. ನನಗೆ ಇದು ನಿಜಕ್ಕೂ ನೋವು ಕೊಡುವ ಸಂಗತಿ. ಲ್ಯಾಬಿನಲ್ಲಿ ಕೈಯಾಡಿಸದೆ ಕೆಮಿಸ್ಟ್ರಿ ಇಷ್ಟವಾಗುವುದು ಹೇಗೆ?

ಟೈಟ್ರೇಷನ್ ಎತ್ತಿಕೊಳ್ಳಿ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆಯುವುದು. ಬ್ಯೂರೆಟ್ಟನ್ನು ಅದಕ್ಕೆ ಹಾಕುವ ದ್ರಾವಣದಲ್ಲೇ ತೊಳೆಯಬೇಕು, ಪಿಪೆಟ್ಟನ್ನೂ ಹಾಗೆಯೇ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ. ಯಾಕೆ ಅಂತ ಓರಲ್‌ನಲ್ಲಿ ಕೇಳುತ್ತಾರೆ. ಪಿಪೆಟ್ಟಿನಲ್ಲಿ ನೀರು ಉಳಿದಿದ್ದರೆ ದ್ರಾವಣ ತೆಳುವಾಗುತ್ತದೆ, ಮೋಲ್ ಕಡಿಮೆಯಾಗುತ್ತದೆ. ಫ್ಲಾಸ್ಕಿನಲ್ಲಿ ನೀರಿದ್ದರೆ ಅಳೆದು ಹಾಕಿದ ಮೋಲ್ ಬದಲಾಗುವುದಿಲ್ಲ. ಅದೇ ಫ್ಲಾಸ್ಕನ್ನು ದ್ರಾವಣದಲ್ಲಿ ತೊಳೆದರೆ ಗೋಡೆಗೆ ಅಂಟಿದ ಮೋಲ್ ಜಾಸ್ತಿಯಾಗಿ ಸೇರುತ್ತದೆ. ನೋಡಿ, ಇಲ್ಲೂ ಮೋಲ್.

ಆಕ್ಸಾಲಿಕ್ ಆಸಿಡ್‌ಗೆ ಪರ್ಮ್ಯಾಂಗನೇಟ್ ಬಿಡುವಾಗ ಫ್ಲಾಸ್ಕನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ, ತಣ್ಣಗಿದ್ದರೆ ರಿಯಾಕ್ಷನ್ ನಿಧಾನ. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಬ್ಯೂರೆಟ್ಟಿನಲ್ಲಿ ದ್ರಾವಣದ ಮೇಲ್ಮೈ ಬಾಗಿದ ಕೆಳಗಿನ ಅಂಚು ಕಾಣುವುದಿಲ್ಲ, ಮೇಲಿನ ಅಂಚನ್ನು ಓದಿ. ತೆಳು ಗುಲಾಬಿ ಬಣ್ಣ ಬಂದು ನಿಂತರೆ ಮುಗಿಯಿತು. ಗಾಢ ಗುಲಾಬಿ ಬಂದರೆ ದಾಟಿಹೋಗಿದೆ, ಇನ್ನೊಮ್ಮೆ ಮಾಡಿ. ರೀಡಿಂಗ್ ತಿದ್ದಬೇಡಿ. ನಾನು ಪರೀಕ್ಷಕಿಯಾಗಿ ಹೋದಾಗ ತಿದ್ದಿದ ಮೂರು ಒಂದೇ ರೀಡಿಂಗಿಗಿಂತ, ತಪ್ಪಾದ ಒಂದನ್ನು ಹೊಡೆದುಹಾಕಿ ಮತ್ತೆ ಮಾಡಿದವರನ್ನು ಹೆಚ್ಚು ನಂಬುತ್ತಿದ್ದೆ.

ಸಾಲ್ಟ್ ಅನಾಲಿಸಿಸ್‌ನಲ್ಲಿ ಕೊಟ್ಟ ಲವಣದಲ್ಲಿ ಏನಿದೆ ಅಂತ ಪತ್ತೆ ಮಾಡುವ ಹೆಜ್ಜೆಗಳ ಕ್ರಮಕ್ಕೆ ಕಾರಣ ಇದೆ. ಅಮೋನಿಯಂ ಇದೆಯಾ ಅಂತ ಶುರುವಿನಲ್ಲೇ ಮೂಲ ಸಾಲ್ಟಿನಲ್ಲಿ ನೋಡಬೇಕು, ಯಾಕೆಂದರೆ ಮುಂದಿನ ಗ್ರೂಪುಗಳಿಗೆ ಅಮೋನಿಯಂ ಕ್ಲೋರೈಡನ್ನು ನಾವೇ ಹಾಕುತ್ತೇವೆ. ಆಮೇಲೆ ನೋಡಿದರೆ ಸಿಗುವುದು ನಾವು ಹಾಕಿದ್ದೇ. ಮನೆಯಲ್ಲೂ ಒಂದು ಪುಟ್ಟ ಪ್ರಯೋಗ ಮಾಡಬಹುದು. ಕೋಕಂ ನೆನೆಸಿದ ಕೆಂಪು ನೀರಿಗೆ ಚೂರು ಅಡುಗೆ ಸೋಡಾ ಹಾಕಿ ಬಣ್ಣ ಬದಲಾಗುವುದನ್ನು ನೋಡಿ. ಅರಿಸಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದಲ್ಲ, ಅದೂ ಇಂಡಿಕೇಟರೇ.

ಓದುವ ಹೊತ್ತು, ಬರೆಯುವ ಹೊತ್ತು

ಮೊದಲು ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪಠ್ಯಪುಸ್ತಕ, ಸಾಲು ಸಾಲಾಗಿ. ಡೈಜೆಸ್ಟ್ (ಗೈಡು) ಆಮೇಲೆ, ಅಭ್ಯಾಸದ ಪ್ರಶ್ನೆಗಳಿಗೆ ಮಾತ್ರ. ಡೈಜೆಸ್ಟಿನಲ್ಲಿ ಉತ್ತರ ಇರುತ್ತದೆ, ಕಾರಣ ಇರುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆ ಕೆಮಿಸ್ಟ್ರಿಗೆ ಇಟ್ಟರೆ ಅದರಲ್ಲಿ ಒಂದು ಗಂಟೆ ಪೆನ್ಸಿಲ್ ಓಡುತ್ತಿರಬೇಕು. ಚಾಳಿನ ಒಂದೇ ಕೋಣೆಯಲ್ಲಿ ಟಿವಿ, ತಮ್ಮ, ಅಜ್ಜಿ ಎಲ್ಲರ ನಡುವೆ ಓದುವ ಮಕ್ಕಳಿದ್ದಾರೆ, ನಾನೂ ಹಾಗೇ ಓದಿದ್ದು. ಅಂಥ ಕಡೆ ಓದಲು ಕಷ್ಟ, ಲೆಕ್ಕ ಮಾಡಲು ಅಷ್ಟು ಕಷ್ಟವಿಲ್ಲ. ಗದ್ದಲದ ಹೊತ್ತಿಗೆ ಲೆಕ್ಕ ಮತ್ತು ಬಾಣದ ನಕ್ಷೆ ಇಟ್ಟುಕೊಳ್ಳಿ. ಹೊಸ ಪಾಠವನ್ನು ಬೆಳಿಗ್ಗೆ ಐದರಿಂದ ಆರಕ್ಕೆ, ನೀರು ಬರುವ ಹೊತ್ತಿಗೆ ಮನೆ ಎದ್ದಿರುತ್ತದೆ, ಗದ್ದಲ ಶುರುವಾಗಿರುವುದಿಲ್ಲ.

ಸಿಇಟಿ (ಎಂಜಿನಿಯರಿಂಗ್, ಫಾರ್ಮಸಿ ಪ್ರವೇಶ ಪರೀಕ್ಷೆ) ಬರೆಯುವವರು ಹನ್ನೊಂದನೇ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಅಲ್ಲಿ ಕೆಮಿಸ್ಟ್ರಿಗೆ 50 ಪ್ರಶ್ನೆ, ಸುಮಾರು ಐದರಲ್ಲಿ ಒಂದು ಪಾಲು ಹನ್ನೊಂದರಿಂದ. ತಪ್ಪು ಉತ್ತರಕ್ಕೆ ಮಾರ್ಕು ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಬೋರ್ಡಿಗೆ ಹೆಜ್ಜೆ ಹೆಜ್ಜೆ ಬರೆದು ಅಭ್ಯಾಸ ಮಾಡಿದ ಕೈ ಸಿಇಟಿಗೂ ಸಾಗುತ್ತದೆ. ತಿರುಗಿಸಿ ಮಾಡಿದರೆ ಸಾಗುವುದಿಲ್ಲ. 1933ರಲ್ಲಿ ಶುರುವಾದ, ಈಗ ಐಸಿಟಿ ಅಂತ ಕರೆಯುವ ಕೆಮಿಕಲ್ ಟೆಕ್ನಾಲಜಿಯ ಸಂಸ್ಥೆ ಮುಂಬೈಯ ಮಾಟುಂಗದಲ್ಲಿದೆ. ನಮ್ಮವರು ದೇವಸ್ಥಾನಕ್ಕೆ, ಹೂವಿಗೆ, ಬಾಳೆ ಎಲೆಗೆ ಅಂತ ವಾರವಾರ ಮಾಟುಂಗಕ್ಕೆ ಹೋಗುತ್ತಾರೆ. ಒಂದು ಸಲ ಮಕ್ಕಳನ್ನು ಆ ಗೇಟಿನವರೆಗೂ ಕರೆದುಕೊಂಡು ಹೋಗಿ. ಇದನ್ನು ಓದಿ ಎಲ್ಲಿಗೆ ಹೋಗಬಹುದು ಅಂತ ಕಣ್ಣಾರೆ ನೋಡಲಿ.

ಪೇಪರಿನ ದಿನಕ್ಕೆ ಎರಡೇ ಮಾತು. ಎರಡು ಮಾರ್ಕಿಗೆ ಎರಡು ಅಂಶ, ಮೂರಕ್ಕೆ ಮೂರು. ಲೆಕ್ಕದಲ್ಲಿ ಫಾರ್ಮುಲಾ ಒಂದು ಸಾಲು, ಬೆಲೆಗಳನ್ನು ಹಾಕಿದ್ದು ಒಂದು ಸಾಲು, ಉತ್ತರ ಯೂನಿಟ್ ಸಮೇತ ಒಂದು ಸಾಲು. ಕೊನೆಗೆ ಉತ್ತರ ತಪ್ಪಿದರೂ ಮೇಲಿನ ಸಾಲುಗಳಿಗೆ ಮಾರ್ಕು ಇದೆ. ಮೂರು ಗಂಟೆಯಲ್ಲಿ ಕೊನೆಯ ಹತ್ತು ನಿಮಿಷ ಹೊಸದೇನೂ ಬರೆಯಬೇಡಿ. ಯೂನಿಟ್, ಮೈನಸ್ ಚಿಹ್ನೆ, ಬ್ಯಾಲೆನ್ಸ್ ಆಗದ ಈಕ್ವೇಷನ್ ಈ ಮೂರನ್ನು ಹುಡುಕಿ.

ಕಳೆದ ಗಣಪತಿಯ ನಂತರ ಬಂದ ಹುಡುಗಿಯ ಪದಗಳ ಪುಸ್ತಕ ಈಗ ನೂರಹತ್ತನೇ ಪುಟದಲ್ಲಿದೆ. ನಿನ್ನೆ ಬಫರ್ ಅನ್ನುವ ಪದದ ಮುಂದೆ ಏನು ಬರೆಯಲಿ ಅಂತ ಕೇಳಿದಳು. ಬಫರಿಗೆ ಸ್ವಲ್ಪ ಆಸಿಡ್ ಸುರಿದರೂ ಪಿಎಚ್ ಹೆಚ್ಚು ಬದಲಾಗದ ಹಾಗೆ, ನಿಮ್ಮ ಮನೆಯಲ್ಲಿ ಯಾರು ಏನಂದರೂ ನೆಮ್ಮದಿ ಕೆಡದಂತೆ ಹಿಡಿದಿಡುವವರು ಯಾರು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಮೂರನೇ ಭಾಗದಲ್ಲಿ "ನಮ್ಮ ದೊಡ್ಡಮ್ಮ" ಅಂತ ಬರೆದಳು. ಅದರ ಕೆಳಗೆ ಅಸಿಟಿಕ್ ಆಸಿಡ್ ಮತ್ತು ಸೋಡಿಯಂ ಅಸಿಟೇಟಿನ ಈಕ್ವೇಷನ್ನನ್ನು ಪೆನ್ಸಿಲಿನಲ್ಲಿ ಬಿಡಿಸಿ, ಆಸಿಡ್ ಬಂದರೆ ಯಾವುದು ತಡೆಯುತ್ತದೆ, ಬೇಸ್ ಬಂದರೆ ಯಾವುದು ಅಂತ ಎರಡು ಬಾಣ ಹಾಕಿ ತೋರಿಸಿದಳು.